ದತ್ತು ಕೊಟ್ಟ ಮೇಲೆ ಹೆತ್ತವರಿಗೆ ಉಳಿಯುವ ಹಕ್ಕು ಯಾವುದು?

ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ದತ್ತು ಅಂದರೆ ಬಹುಪಾಲು ಮನೆಯೊಳಗಿನ ಮಾತು. ಅಣ್ಣನಿಗೆ ಮಕ್ಕಳಿಲ್ಲ, ತಮ್ಮ ತನ್ನ ಎರಡನೇ ಮಗುವನ್ನು ಕೊಡ್ತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತುಪತ್ರ ನೋಂದಣಿ ಆಗುತ್ತೆ. ಮುಂದೆ ಯಾವತ್ತೋ ಜಮೀನಿನ ಪಾಲಿಗೆ ಮನಸ್ತಾಪ ಬಂದಾಗ ಹೆತ್ತವರು ಕೇಳೋದು ಒಂದೇ: "ನಾವೇ ಹೆತ್ತಿದ್ದಲ್ವಾ, ವಾಪಸ್ ಕರ್ಕೊಂಡು ಬರಬಹುದಾ?" ಈ ಪ್ರಶ್ನೆಯನ್ನು ನಾನೂ ಬಹಳ ಸಲ ಕೇಳಿಸಿಕೊಂಡಿದ್ದೇನೆ. ದತ್ತು ಕ್ರಮಬದ್ಧವಾಗಿದ್ದರೆ ಉತ್ತರ: ಆಗಲ್ಲ.

ಮನೆಯೊಳಗಿನ ದತ್ತು

ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುವುದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಅದರ 12ನೇ ಕಲಮಿನ ಪ್ರಕಾರ, ದತ್ತು ಆದ ದಿನದಿಂದಲೇ ಹುಟ್ಟಿದ ಮನೆಯ ಸಂಬಂಧ ಕಡಿದು, ದತ್ತು ಮನೆಯ ಸಂಬಂಧ ಶುರುವಾಗುತ್ತೆ. 15ನೇ ಕಲಮಿನಂತೆ ಕ್ರಮಬದ್ಧ ದತ್ತನ್ನು ಸಾಕು ತಂದೆತಾಯಿಯಾಗಲಿ, ಬೇರೆ ಯಾರೇ ಆಗಲಿ ರದ್ದು ಮಾಡುವಂತಿಲ್ಲ. ಮಗುವೂ ಅದನ್ನು ತೊರೆದು ಹುಟ್ಟಿದ ಮನೆಗೆ ಹಿಂತಿರುಗುವಂತಿಲ್ಲ.

ಆದರೂ ಮೂರು ಎಳೆ ಉಳಿಯುತ್ತವೆ. ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆ ಆಗಬಾರದಿತ್ತೋ, ದತ್ತಿನ ನಂತರವೂ ಆಗಬಾರದು. ದತ್ತಿಗೆ ಮುಂಚೆಯೇ ಮಗುವಿನ ಪಾಲಿಗೆ ಬಂದಿದ್ದ ಆಸ್ತಿ ಮಗುವಿನದ್ದೇ. ಆ ಆಸ್ತಿಗೆ ಅಂಟಿಕೊಂಡ ಹೊಣೆಗಳೂ, ಹುಟ್ಟಿದ ಮನೆಯ ಬಂಧುಗಳನ್ನು ಪೋಷಿಸುವ ಹೊಣೆ ಸೇರಿದಂತೆ, ಜೊತೆಗೇ ಹೋಗುತ್ತವೆ. ಇನ್ನು ಮಗು ಮುಂದೆ ಉಯಿಲು ಬರೆಯದೆ ತೀರಿಕೊಂಡರೆ, ಹೆತ್ತವರು ಹೆತ್ತವರೆಂಬ ಕಾರಣಕ್ಕೇ ವಾರಸುದಾರರಾಗಲ್ಲ.

ದತ್ತೇ ತಪ್ಪಾಗಿದ್ದರೆ?

ಇಲ್ಲಿ ಬಾಗಿಲು ತೆರೆದಿದೆ. ಹೆತ್ತ ತಂದೆ ತಾಯಿ ಇಬ್ಬರಿಗೂ ಮಗುವನ್ನು ಕೊಡುವ ಸಮಾನ ಹಕ್ಕಿದೆ. ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ. ಬೇರೆ ರೂಢಿ ಇಲ್ಲದಿದ್ದರೆ ಮಗುವಿಗೆ 15 ತುಂಬಿರಬಾರದು. ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಂಡಿರಬೇಕು. ದತ್ತಹೋಮ ಕಡ್ಡಾಯ ಅಲ್ಲ. ಹಣದ ವ್ಯವಹಾರ ನಡೆದಿದ್ದರೆ ಅದು ಅಪರಾಧ.

ಇಂಥ ಲೋಪವಿದ್ದರೆ ದತ್ತು ಅಸಿಂಧು ಎಂದು ಘೋಷಿಸಲು ಸಿವಿಲ್ ಕೋರ್ಟಿಗೆ ದಾವೆ ಹೂಡಬಹುದು. ದತ್ತು ನಡೆದಿದೆ ಅಂತ ನಿಮಗೆ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ. ಎರಡೂ ಕಡೆಯವರು ಸಹಿ ಹಾಕಿದ ನೋಂದಾಯಿತ ಪತ್ರ ಇದ್ದರೆ ಕೋರ್ಟು ಮೊದಲು ಅದನ್ನೇ ನಂಬುತ್ತೆ. ಸುಳ್ಳು ಅಂತ ಸಾಬೀತು ಮಾಡೋ ಹೊರೆ ನಿಮ್ಮದು.

ಸಮಿತಿಗೆ ಒಪ್ಪಿಸಿದ ಮಗು

2015ರ ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ತೆರೆದಿದೆ. ಸಾಕಲಾಗದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇದೆ. ಆ ಎರಡು ತಿಂಗಳೇ ಅವಳ ಕೈಯಲ್ಲಿರುವ ಗಟ್ಟಿ ಹಕ್ಕು. ಅದು ಮುಗಿದ ಮೇಲೆ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಎಂದು ಘೋಷಿಸುತ್ತೆ.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಕೋರ್ಟಲ್ಲ, ಜಿಲ್ಲಾಧಿಕಾರಿ. ಆದೇಶದಿಂದ ಬಾಧಿತರಾದವರು 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಹಾಸನ ಜಿಲ್ಲೆಯವರಿಗೆ ಅದು ಮೈಸೂರಿನ ಪ್ರಾದೇಶಿಕ ಆಯುಕ್ತರ ಮುಂದೆ.

ಸಮಯದ ಬೆಲೆ ಏನು ಅನ್ನೋದಕ್ಕೆ 2021ರ ತಿರುವನಂತಪುರದ ಪ್ರಕರಣ ನೋಡಿ. ತನ್ನ ಒಪ್ಪಿಗೆ ಇಲ್ಲದೆ ಮಗುವನ್ನು ಕೊಡಲಾಗಿದೆ ಅಂತ ತಾಯಿ ಹೋರಾಡಿದಳು. ಮಗು ಆಗಲೇ ಆಂಧ್ರದ ದಂಪತಿ ಬಳಿ ಇತ್ತು, ಆದರೆ ದತ್ತು ಅಂತಿಮ ಆಗಿರಲಿಲ್ಲ. ಮಗು ತಾಯಿಗೆ ವಾಪಸ್ ಸಿಕ್ಕಿತು.

ನೋಡುವ ಹಕ್ಕು?

ಕಾನೂನಿನಲ್ಲಿ ಇಲ್ಲ. ಹಬ್ಬಕ್ಕೆ ಕಳಿಸೋದು, ಶಾಲೆಗೆ ಹೋಗಿ ನೋಡೋದು ಎಲ್ಲ ಸಾಕಿದವರ ಮನಸ್ಸಿಗೆ ಬಿಟ್ಟಿದ್ದು. ಬಾಲನ್ಯಾಯ ಕಾಯ್ದೆಯಡಿ ದತ್ತು ಹೋದ ಮಗು ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು. ಆಗಲೂ ಹೆತ್ತ ತಾಯಿಯ ಗೋಪ್ಯತೆ ಕಾಪಾಡಬೇಕು. ಮಗುವನ್ನು ಹುಡುಕುವ ಇಂಥ ಹಕ್ಕು ಹೆತ್ತವರಿಗಿಲ್ಲ.

ಈ ಕಟ್ಟುನಿಟ್ಟು ಮಗುವಿನ ನೆಮ್ಮದಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ. ದೊಡ್ಡವರ ಜಗಳಕ್ಕೆ ಅದು ಮನೆಯಿಂದ ಮನೆಗೆ ಅಲೆಯಬಾರದು. ಆದರೆ ಕಟ್ಟುನಿಟ್ಟು ನ್ಯಾಯವಾಗೋದು ಸಹಿ ಹಾಕುವ ತಾಯಿಗೆ ಅದರ ಅರ್ಥ ಗೊತ್ತಿದ್ದಾಗ ಮಾತ್ರ. ಆದ್ದರಿಂದ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಬರೀ ಕೆಲವು ವರ್ಷ ಸಾಕಲಿ ಅನ್ನೋದಾದರೆ ದತ್ತು ಕೊಡಬೇಡಿ. ವಕೀಲರ ಫೀಸಿಗೆ ಹಣ ಇಲ್ಲದ ಹೆಂಗಸರಿಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಸಿಗುತ್ತೆ. ಸಹಿ ಹಾಕುವ ಮುಂಚೆ ಅಲ್ಲಿಗೆ ಹೋಗಿ.