ಹೊಳೆಯ ಹೂಳೂ ಜೀವಿಗಳ ನಾಮಕರಣವೂ

ಕದಡಿದೊಡನೆ ಕೊಳೆತ ತತ್ತಿಯಂಥ ನಾತವನ್ನು ಬಿಡುವ ಕರಿಯ ಕೆಸರನ್ನು ಹೊಳೆಯ ದಂಡೆಯವರೆಲ್ಲರೂ ಬಲ್ಲರು. ಬೇವೂರಿಗೆ ಬಹುದೂರವಲ್ಲದ ಕೂಡಲಸಂಗಮದಲ್ಲಿ, ಮಲಪ್ರಭೆಯು ಕೃಷ್ಣೆಯನ್ನು ಕೂಡುವೆಡೆ, ಈಗ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ನಿಲ್ಲುತ್ತದೆ. ನಿಂತ ನೀರಿನ ತಳದಲ್ಲಿ ಹೂಳು ಸೇರುವುದು ಸಹಜ. ಹೂಳಿನೊಳಗೆ ಗಾಳಿಯಿಲ್ಲದ ಕಡೆ ಬಾಳುವ ಬ್ಯಾಕ್ಟೀರಿಯಗಳೇ ಅಂಥ ನಾತಕ್ಕೆ ಕಾರಣ. ಅವುಗಳ ಜಾತಿಯನ್ನು ಗುರುತಿಸಿ ಹೆಸರಿಡುವ ವಿದ್ಯೆಯು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಹಾಲೆಂಡಿನ ಲೇವನ್‌ಹುಕನು 1676ರಲ್ಲಿ ಈ ಜೀವಿಗಳನ್ನು ಮಸೂರದ ಮೂಲಕ ಕಂಡನು. ಗಿಡಮರಗಳಿಗೂ ಪ್ರಾಣಿಗಳಿಗೂ ಜೋಡಿ ಹೆಸರಿಟ್ಟ ಲಿನೇಯಸನಿಗೂ ಇವುಗಳ ವರ್ಗೀಕರಣವು ಕೈಗೂಡಲಿಲ್ಲ. 1767ರಲ್ಲಿ ಅವನು ಸೂಕ್ಷ್ಮಜೀವಿಗಳನ್ನು ‘ಕೇಯಾಸ್’, ಎಂದರೆ ಅವ್ಯವಸ್ಥೆ, ಎಂಬ ಕುಲಕ್ಕೆ ಸೇರಿಸಿದನು. ಫರ್ಡಿನಂಡ್ ಕೋನನು 1872ರಲ್ಲಿ ಗುಂಡು, ಕಡ್ಡಿ, ಸುರುಳಿ ಎಂದು ಆಕಾರವನ್ನು ಹಿಡಿದು ವಿಂಗಡಿಸಿದನು. ಆದರೆ ನೋಟಕ್ಕೆ ಒಂದೇ ಆದ ಎರಡು ಕಡ್ಡಿಗಳ ಕಾರ್ಯವು ತೀರ ಬೇರೆಯಾಗಿರಬಹುದು. 1881ರಲ್ಲಿ ರಾಬರ್ಟ್ ಕಾಖನು ಗಟ್ಟಿಯಾದ ಪೋಷಕದ ಮೇಲೆ ಒಂದೊಂದು ಜೀವಿಯನ್ನೂ ಪ್ರತ್ಯೇಕವಾಗಿ ಬೆಳೆಸುವ ಕ್ರಮವನ್ನು ತೋರಿಸಿದನಂತರವೇ ಕಾರ್ಯಪರೀಕ್ಷೆಯು ಸಾಧ್ಯವಾಯಿತು.

1895ರಲ್ಲಿ ಬೈಯರಿಂಕನು ಡೆಲ್ಫ್ಟ್ ಪಟ್ಟಣದ ಕಾಲುವೆಯ ಕೆಸರನ್ನು ಗಾಳಿ ಹೋಗದಂತೆ ಇಟ್ಟು, ಗಂಧಕದ ಲವಣವನ್ನು ಒಡೆದು ದುರ್ಗಂಧದ ಅನಿಲವನ್ನು ಹೊರಡಿಸುವ ಜೀವಿಯನ್ನು ಪಡೆದನು. ಆ ಅನಿಲವು ಕೆಸರಿನ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಬಣ್ಣವುಂಟಾಗುವುದು. ಸುರುಳಿಯಾಕಾರವನ್ನು ನೋಡಿ ಅವನಿಟ್ಟ ಹೆಸರು ‘ಸ್ಪೈರಿಲಂ ಡಿಸಲ್ಫ್ಯುರಿಕನ್ಸ್’. 1936ರಲ್ಲಿ ಕ್ಲೂಯ್ವರ್ ಮತ್ತು ಫಾನ್ ನೀಲ್ ಎಂಬವರು ಕಾರ್ಯಕ್ಕೂ ಪ್ರಾಧಾನ್ಯವಿತ್ತು ಅದನ್ನು ‘ಡಿಸಲ್ಫೋವಿಬ್ರಿಯೊ’ ಎಂಬ ಹೊಸ ಕುಲದಲ್ಲಿಟ್ಟರು.

ನಮ್ಮ ಕೃಷ್ಣೆಯು ಕಡಲನ್ನು ಸೇರುವ ಸೀಮೆಯೂ ಈ ಚರಿತ್ರೆಗೆ ಹೊರತಲ್ಲ. ಮಚಲೀಪಟ್ಟಣದ ತೀರದ ಗಂಧಕದ ನಿಕ್ಷೇಪಗಳಲ್ಲಿಯ ಬ್ಯಾಕ್ಟೀರಿಯಗಳನ್ನು ಕುರಿತು ಕೆ. ಕೆ. ಅಯ್ಯ ಮತ್ತು ಎಂ. ಶ್ರೀನಿವಾಸಯ್ಯನವರು 1944ರಲ್ಲಿ, ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಒಂದು ಜಾತಿಯು ಹೊರಡಿಸಿದ ಅನಿಲವನ್ನು ಮತ್ತೊಂದು ಜಾತಿಯು ಗಂಧಕವಾಗಿ ಮಾರ್ಪಡಿಸಬಲ್ಲದು. ಗಂಧಕಕ್ಕೆ ಪರದೇಶವನ್ನು ನೆಚ್ಚಿದ್ದ ನಾಡಿಗೆ ಇದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ.

1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬವರು ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ವಂಶಸಂಬಂಧವನ್ನು ಗೊತ್ತುಮಾಡುವ ಮಾರ್ಗವನ್ನು ತೆರೆದರು. 1980ರಲ್ಲಿ ಹಳೆಯ ಹೆಸರುಗಳ ರಾಶಿಯನ್ನು ಜರಡಿಹಿಡಿದು, ಮಾನ್ಯವಾದ 2,300ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯು ಪ್ರಕಟವಾಯಿತು. ಈಗ ಹೊಸ ಜಾತಿಯೆಂದು ಸಾರುವವನು ಅದರ ಜೀವಂತ ಮಾದರಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಬೇಕು.

ಈ ನಿಯಮದ ಬೆಲೆಯನ್ನು ಬೈಯರಿಂಕನ ಜೀವಿಯೇ ತಿಳಿಸುತ್ತದೆ. ಅವನಿಟ್ಟ ‘ಡಿಸಲ್ಫ್ಯುರಿಕನ್ಸ್’ ಎಂಬ ಹೆಸರು ಉಳಿಯಿತು. ಆದರೆ ಅದರ ಪ್ರಮಾಣಮಾದರಿಯಾಗಿ ಇಂದು ಎಣಿಕೆಯಲ್ಲಿರುವುದು ಡೆಲ್ಫ್ಟಿನ ಕೆಸರಿನದಲ್ಲ, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ತುಕ್ಕುಹಿಡಿದ ಅನಿಲದ ಕೊಳವೆಯ ಬಳಿಯಲ್ಲಿ ದೊರೆತುದು. ಬಿತ್ತನೆಯ ಕಾಳನ್ನು ಕಾಪಿಡದ ಒಕ್ಕಲಿಗನು ತಳಿಯ ಹೆಸರನ್ನು ಬಲ್ಲವನಾದರೂ ಅದನ್ನು ಮತ್ತೆ ಬಿತ್ತಲಾರನು. ನಮ್ಮ ಸಂಗಮಗಳ ಹೂಳನ್ನು ಪರೀಕ್ಷಿಸಲು ಹೊರಡುವ ತರುಣರು ಹೆಸರಿಗಿಂತ ಮೊದಲು ಮಾದರಿಯ ರಕ್ಷಣೆಯನ್ನು ಚಿಂತಿಸುವುದು ಯುಕ್ತ.