‘ತುಘಲಕ್’ ನಾಟಕದ ಮೊದಲ ದೃಶ್ಯ: ಗೆದ್ದ ಮೊಕದ್ದಮೆಯೊಳಗಿನ ಸೋಲು

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಆದರ್ಶವಾದಿ ದೊರೆಯೊಬ್ಬನ ಹಂತಹಂತದ ಪತನವೆಂದು ಓದುವುದು ವಾಡಿಕೆ. ಈ ಓದಿನಲ್ಲಿ ಮೊದಲ ದೃಶ್ಯಕ್ಕೆ ಪೀಠಿಕೆಯ ಸ್ಥಾನವಷ್ಟೇ. ಆದರೆ ಸುಲ್ತಾನನ ಸೋಲು ಅಲ್ಲೇ ನಡೆದುಹೋಗಿದೆ. ಉಳಿದ ಹನ್ನೆರಡು ದೃಶ್ಯಗಳು ಅದನ್ನು ಅವನ ಅರಿವಿಗೆ ತರುತ್ತವೆ ಎಂಬುದು ಈ ಲೇಖನದ ವಾದ.

1327ರ ದಿಲ್ಲಿ. ನ್ಯಾಯಾಲಯದ ಮುಂದೆ ಜನ ನೆರೆದಿದ್ದಾರೆ. ದೊರೆಗಿಂತ ಮೊದಲು ನಮಗೆ ಸಿಗುವುದು ದೊರೆಯ ಬಗೆಗಿನ ಮಾತು. ಮುದುಕನಿಗೆ ಹಿಂದೂಗಳ ಮೇಲಿನ ಜಿಜಿಯಾ ತೆರಿಗೆ ರದ್ದಾದದ್ದು ಸಹಿಸದು. ತರುಣನಿಗೆ ಹೊಸ ಸುಲ್ತಾನನೆಂದರೆ ಹೆಮ್ಮೆ. ಗುಂಪಿನಲ್ಲಿದ್ದ ಹಿಂದೂವಿಗೆ ಹಳೆಯ ದಬ್ಬಾಳಿಕೆಗಿಂತ ಈ ಹೊಸ ಸಮಾನತೆಯೇ ಹೆಚ್ಚು ಅನುಮಾನದ್ದು. ಸುಲ್ತಾನನ ತಂದೆಯೂ ತಮ್ಮನೂ ಸತ್ತದ್ದು ನಮಾಜಿನ ಹೊತ್ತಿನಲ್ಲೇ ಎಂಬ ಪಿಸುಮಾತೂ ಇಲ್ಲೇ ಏಳುತ್ತದೆ. ಪ್ರಾರ್ಥನೆ ಮತ್ತು ಕೊಲೆಯ ಈ ನಂಟು ಆರನೆಯ ದೃಶ್ಯದಲ್ಲಿ ಸುಲ್ತಾನನ ಮೇಲೆಯೇ ತಿರುಗುತ್ತದೆ.

ಅಕ್ರಮವಾಗಿ ಕಿತ್ತುಕೊಂಡ ಜಮೀನಿಗಾಗಿ ವಿಷ್ಣುಪ್ರಸಾದನೆಂಬ ಬ್ರಾಹ್ಮಣ ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದಿದ್ದಾನೆ. ಸುಲ್ತಾನ ತಾನೇ ಬಂದು ತೀರ್ಪಿಗೆ ತಲೆಬಾಗುತ್ತಾನೆ. ಅದೇ ಉಸಿರಿನಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ಯೋಜನೆ ಸಾರುತ್ತಾನೆ. ಅದು ಆಹ್ವಾನ, ಆಜ್ಞೆಯಲ್ಲವಂತೆ. ಆಜ್ಞೆಯಾಗಲು ಬಹಳ ಕಾಲ ಬೇಕಾಗುವುದಿಲ್ಲ.

ಜನ ಚದುರಿದ ಮೇಲೆ ದೃಶ್ಯದ ತಿರುಳು ಹೊರಬೀಳುತ್ತದೆ. ಆ ಬ್ರಾಹ್ಮಣ ವಾಸ್ತವದಲ್ಲಿ ಅಜೀಜ್ ಎಂಬ ಅಗಸ. ಪ್ರಜೆಗಳು ದೊರೆಯ ಮೇಲೂ ದೂರು ಕೊಡಬಹುದೆಂಬ ಡಂಗುರ ಕೇಳಿದ್ದೇ ತಡ, ಹಿಂದಿನ ತಾರೀಖು ಹಾಕಿದ ಕರಾರುಪತ್ರದಿಂದ ಜಮೀನು ಕೊಂಡು, ಜನಿವಾರ ತೊಟ್ಟು ನ್ಯಾಯಾಲಯದ ಮೆಟ್ಟಿಲೇರಿದ್ದಾನೆ. ಬ್ರಾಹ್ಮಣನೇ ಏಕೆ ಆಗಬೇಕಿತ್ತು? ಮುಸಲ್ಮಾನ ದೊರೆಯ ಎದುರು ಮುಸಲ್ಮಾನ ಗೆದ್ದರೆ ನಿಷ್ಪಕ್ಷಪಾತ ಮೆರೆಯುವುದೆಲ್ಲಿ? ಸುಲ್ತಾನನ ನ್ಯಾಯಕ್ಕೆ ಪ್ರೇಕ್ಷಕರು ಬೇಕೆಂಬುದನ್ನು ಅವನ ಮಂತ್ರಿಗಳಿಗಿಂತ ಚೆನ್ನಾಗಿ ಅರಿತವನು ಈ ಅಗಸ. ತೀರ್ಪು ಪ್ರಾಮಾಣಿಕ, ಮೊಕದ್ದಮೆ ಖೋಟಾ.

ಸೊಫೊಕ್ಲಿಸನ ‘ಈಡಿಪಸ್’ನಲ್ಲೂ ದೊರೆ ಅರಿಯದ್ದನ್ನು ಪ್ರೇಕ್ಷಕ ಅರಿತಿರುತ್ತಾನೆ. ಆದರೆ ಆ ಅರಿವು ಪುರಾಣದಿಂದ ಬಂದದ್ದು. ಇಲ್ಲಿ ಅದನ್ನು ಒದಗಿಸುವವನು ರಂಗದ ಮೇಲಿನ ವಂಚಕ, ಹಾಗಾಗಿ ಪ್ರೇಕ್ಷಕನೂ ಅವನ ಪಾಲುದಾರನಾಗುತ್ತಾನೆ.

ಅಜೀಜ್ ಮತ್ತು ಜೇಬುಗಳ್ಳ ಆಜಂ ಜೋಡಿಯ ಹಿಂದೆ ಪಾರ್ಸಿ ರಂಗಭೂಮಿಯ ಹಾಸ್ಯಪಾತ್ರಗಳ ನೆರಳಿದೆ. ಅಲ್ಲಿ ಇಂಥವರ ಕೆಲಸ, ಪರದೆಯ ಹಿಂದೆ ಅರಮನೆಯ ಸಜ್ಜು ಬದಲಾಗುವವರೆಗೆ ಜನರನ್ನು ನಗಿಸುತ್ತಿರುವುದು. ಪ್ರಯೋಗದಲ್ಲಿ ಇವರನ್ನು ಆ ನಗೆಗಷ್ಟೇ ಸೀಮಿತಗೊಳಿಸಿದರೆ ಮೊದಲ ದೃಶ್ಯ ಮತ್ತೆ ಬರಿಯ ಪೀಠಿಕೆಯಾಗುತ್ತದೆ.