ಬಾದಾಮಿಯ ಕಲ್ಮನೆಗೆ ಅನ್ನ ಹಾಕಿದ ಊರು

ಬಾದಾಮಿಗೆ ಹೋದವರು ಹೆಚ್ಚಾಗಿ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಫೋಟೊ ತೆಗೆಸಿಕೊಂಡು, ಕೋತಿಗಳಿಗೆ ಹೆದರಿ ಇಳಿದುಬಿಡುತ್ತಾರೆ. ನೀವು ಮೂರನೇ ಗುಹೆಯ ತನಕ ಹತ್ತಿ. ನಾಲ್ಕರಲ್ಲಿ ಅದೇ ದೊಡ್ಡದು. ಹಾವಿನ ಸುರುಳಿಯ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನು ಎತ್ತಿ ಹಿಡಿದ ವರಾಹ, ಕಾಲು ಮೇಲೆತ್ತಿದ ತ್ರಿವಿಕ್ರಮ, ಎಲ್ಲರೂ ಕೆಂಪು ಮರಳುಗಲ್ಲಿನ ಬೆಟ್ಟದೊಳಗೇ ಇದ್ದಾರೆ. ಇದು ಕಲ್ಲು ಒಟ್ಟಿ ಕಟ್ಟಿದ ಗುಡಿಯಲ್ಲ, ಬೇಡದ ಕಲ್ಲನ್ನು ಕಡಿದು ತೆಗೆದು ಉಳಿಸಿಕೊಂಡದ್ದು. ಉಳಿ ತಪ್ಪಿ ಮೂಗು ಹಾರಿದರೆ ಮತ್ತೊಂದು ಕಲ್ಲು ತರುವ ಹಾಗಿರಲಿಲ್ಲ.

578ರಲ್ಲಿ, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, ಚಾಲುಕ್ಯರ ಮಂಗಳೇಶ ಇದನ್ನು ಮಾಡಿಸಿದ ಎನ್ನುತ್ತದೆ ಇಲ್ಲಿನ ಸಂಸ್ಕೃತ ಶಾಸನ. ನನಗೆ ಅದಕ್ಕಿಂತ ಇಷ್ಟವಾದದ್ದು ಪಕ್ಕದ ಪುಟ್ಟ ಕನ್ನಡ ಶಾಸನ. ಅದು ಗುಡಿಯನ್ನು 'ಕಲ್ಮನೆ' ಎಂದು ಕರೆಯುತ್ತದೆ, ನಮ್ಮಜ್ಜಿ ಕರೆದ ಹಾಗೆ! ಕಲ್ಮನೆಗೆ ರಾಜ ಕೊಟ್ಟದ್ದು ಲಂಜಿಗೇಸರ ಎಂಬ ಒಂದಿಡೀ ಊರು. ಆ ಊರಿನ ಆದಾಯದಲ್ಲಿ ದಿನವೂ ಹದಿನಾರು ಬ್ರಾಹ್ಮಣರಿಗೆ ಊಟ, ಉಳಿದದ್ದು ಸನ್ಯಾಸಿಗಳಿಗೆ. ಕೆಲವು ಶಿಲ್ಪಿಗಳ ಹೆಸರು ಬಂಡೆಯ ಮೇಲಿವೆ. ಉತ್ತು ಬಿತ್ತಿ ಆ ಊಟ ಬೆಳೆದವರದ್ದು ಎಲ್ಲಿಯೂ ಇಲ್ಲ.

ಲಂಜಿಗೇಸರವೇ ಇಂದಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಹಾಕೂಟದ ಹತ್ತಿರವೇ ಇದೆ, ಹೋದಾಗ ಆ ಊರಿಗೂ ಕಾಲಿಟ್ಟು ಬನ್ನಿ.